ಹತ್ತನೇ ಸುತ್ತಿನ ಭವಿಷ್ಯ

ಪತ್ರಿಕೆಯ ಕಚೇರಿಯಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಉಳಿದ ಕಡೆಯೆಲ್ಲ ಅವರು ಪಂಚಾಂಗದವರು. ದೊಡ್ಡ ಬಾಕ್ಸಿಂಗ್ ಪಂದ್ಯದ ಹಿಂದಿನ ದಿನ ಯಾರು ಗೆಲ್ಲುತ್ತಾರೆ, ಯಾವ ಸುತ್ತಿನಲ್ಲಿ ಗೆಲ್ಲುತ್ತಾರೆ ಎಂದು ಕ್ರೀಡಾ ಪುಟದ ಎಡಗಡೆ ಬರೆಯುವುದು ಅವರ ಕೆಲಸ. ಮೂವತ್ತೊಂದು ವರ್ಷದಿಂದ ಬರೆಯುತ್ತಿದ್ದರು. ಗ್ರಹಣ ಹಿಡಿಯುವ ಗಳಿಗೆಯನ್ನು ಪಂಚಾಂಗ ಹೇಳಿದ ಹಾಗೆ ಇವರು ಸುತ್ತು ಹೇಳುತ್ತಾರಲ್ಲ ಎಂದು ಪ್ರೂಫ್ ತಿದ್ದುವವನೊಬ್ಬ ಯಾವಾಗಲೋ ತಮಾಷೆ ಮಾಡಿದ್ದ. ಆತ ನಿವೃತ್ತನಾಗಿ ಹೋದರೂ ಹೆಸರು ಇವರಿಗೆ ಅಂಟಿಕೊಂಡೇ ಉಳಿಯಿತು.

ಹೇಳಿದ್ದೆಲ್ಲ ಸರಿಯಾಗುತ್ತಿತ್ತು ಎಂದೇನಲ್ಲ. ಆದರೆ ಉಳಿದವರಿಗಿಂತ ಹೆಚ್ಚು ಸಲ ಸರಿಯಾಗುತ್ತಿತ್ತು. ಗುಟ್ಟೇನು ಎಂದು ಕೇಳಿದವರಿಗೆ ಅವರು, "ಎಲ್ಲರೂ ಕೈ ನೋಡ್ತಾರೆ, ನಾನು ಕಾಲು ನೋಡ್ತೀನಿ" ಎನ್ನುತ್ತಿದ್ದರು. ಇದನ್ನು ಜನ ನಗೆಚಾಟಿಕೆ ಎಂದುಕೊಳ್ಳುತ್ತಿದ್ದರು. ಅವರು ನಿಜವನ್ನೇ ಹೇಳುತ್ತಿದ್ದರು. ಅಭ್ಯಾಸದ ಕೋಣೆಯಲ್ಲಿ ಒಂದು ಮೂಲೆ ಹಿಡಿದು ಕೂತು, ಹಗ್ಗ ಹಾರುವಾಗ ಹಿಮ್ಮಡಿ ಯಾವಾಗ ನೆಲ ಮುಟ್ಟಲು ಶುರುವಾಗುತ್ತದೆ, ಸುತ್ತು ಮುಗಿದ ಮೇಲೆ ಮನುಷ್ಯ ಸ್ಟೂಲಿನ ಮೇಲೆ ಕೂರುತ್ತಾನೋ ಬೀಳುತ್ತಾನೋ, ಇದನ್ನೆಲ್ಲ ಗಂಟೆಗಟ್ಟಲೆ ನೋಡಿ ಪುಟ್ಟ ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದರು.

ಒಬ್ಬನ ಬಗ್ಗೆ ಮಾತ್ರ ಅವರು ಬರೆಯುತ್ತಿರಲಿಲ್ಲ. ಆತ ಅವರ ಅಳಿಯ.

ಮಗಳು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬಾಯಿ ಬೋಳಾದವರಿಗೆ ಹಲ್ಲಿನ ಸೆಟ್ಟು ಮಾಡುವುದು, ಬಾಕ್ಸರುಗಳಿಗೆ ಬಾಯಿಗೆ ಇಟ್ಟುಕೊಳ್ಳುವ ರಬ್ಬರಿನ ಕವಚ ಮಾಡುವುದು ಅವಳ ಕಸುಬು. ಹನ್ನೊಂದು ವರ್ಷದ ಹಿಂದೆ, ತರಕಾರಿ ಮಂಡಿಯಲ್ಲಿ ಮೂಟೆ ಹೊರುತ್ತಲೇ ಬಾಕ್ಸಿಂಗಿಗೆ ಇಳಿದಿದ್ದ ಒಬ್ಬ ಎತ್ತರದ ಯುವಕ ಅಲ್ಲಿಗೆ ದವಡೆಯ ಅಚ್ಚು ಕೊಡಲು ಬಂದ. ಬಾಯಿ ತುಂಬ ಅಚ್ಚಿನ ಹಿಟ್ಟು ಇಟ್ಟುಕೊಂಡವನು ಮಾತಾಡುವ ಹಾಗಿರಲಿಲ್ಲ. ಅವಳೇ ಮಾತಾಡಿದಳು. "ಅಡ್ಡ ಬಾಯಿ ಹಾಕದೆ ನನ್ನ ಮಾತು ಪೂರ್ತಿ ಕೇಳಿದ ಮೊದಲನೇ ಗಂಡಸು ಅವರು, ಅಪ್ಪ" ಎಂದು ಮನೆಗೆ ಬಂದು ಹೇಳಿದಳು. ಆ ವರ್ಷವೇ ಮದುವೆಯಾಯಿತು. ಅಂದಿನಿಂದ ಪಂಚಾಂಗದವರು ಅಳಿಯನ ಪಂದ್ಯ ಬಂದಾಗಲೆಲ್ಲ ಪೆನ್ನು ಕೆಳಗಿಟ್ಟು, ಆ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡುತ್ತಿದ್ದರು. ಗೆಲ್ಲುತ್ತಾನೆ ಅಂದರೆ ಮನೆಯವನನ್ನು ಎತ್ತಿಕಟ್ಟಿದ ಹಾಗೆ, ಸೋಲುತ್ತಾನೆ ಅಂದರೆ ಊಟದ ಮುಂದೆ ಕೂರುವುದು ಕಷ್ಟ. ಅಳಿಯನಿಗೂ ಇದು ಗೊತ್ತಿತ್ತು. ಒಂದು ದಿನವೂ ಕೇಳಿದವನಲ್ಲ.

ಅವನಿಗೆ ಮೂವತ್ತಾರು ತುಂಬಿದ ವರ್ಷ, ಯಾರೂ ನಿರೀಕ್ಷಿಸದೆ, ಹೆವಿವೇಯ್ಟ್ ಪಟ್ಟಕ್ಕೆ ಸೆಣಸುವ ಅವಕಾಶ ಬಂತು. ಅದಕ್ಕೆ ಮೊದಲು ಆಯ್ಕೆಯಾಗಿದ್ದವನ ಭುಜ ಕಿತ್ತುಹೋಗಿ, ಪಟ್ಟಿಯಲ್ಲಿ ಕೆಳಗಿದ್ದ ಇವನಿಗೆ ಕರೆ ಬಂದಿತ್ತು. ಚಾಂಪಿಯನ್ನನಿಗೆ ಇಪ್ಪತ್ತನಾಲ್ಕು ವರ್ಷ. ಜನ ಅವನನ್ನು ಗೋಡೆ ಎಂದು ಕರೆಯುತ್ತಿದ್ದರು. ಎಷ್ಟು ಹೊಡೆದರೂ ಹಿಂದೆ ಸರಿಯುವವನಲ್ಲ, ಅವನ ಯಾವ ಪಂದ್ಯವೂ ಏಳನೇ ಸುತ್ತು ದಾಟಿರಲಿಲ್ಲ.

ಕ್ರೀಡಾ ಪುಟದ ಸಂಪಾದಕಿ, ಪಂಚಾಂಗದವರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಅವರ ಮೇಜಿನ ಹತ್ತಿರ ಬಂದು ನಿಂತಳು. "ಸರ್, ಈ ಸಲ ನೀವೇ ಬರೀಬೇಕು. ಓದುಗರು ಕೇಳ್ತಿದಾರೆ."

"ಆಗಲ್ಲಮ್ಮ. ಬೇರೆ ಏನಾದ್ರೂ ಕೇಳು."

ಅವಳು ಒತ್ತಾಯ ಮಾಡಲಿಲ್ಲ. ಆದರೆ ಎರಡು ದಿನ ಬಿಟ್ಟು, ಮಧ್ಯಾಹ್ನದ ಊಟದ ಹೊತ್ತಿಗೆ, ಮಗಳು ಕಚೇರಿಗೆ ಬಂದಳು. ಲ್ಯಾಬಿನಿಂದ ನೇರ ಬಂದಿದ್ದಳು. ಮುಂಗೈಯ ಕೂದಲಿಗೆಲ್ಲ ಪ್ಲಾಸ್ಟರಿನ ಬಿಳಿ ಪುಡಿ ಅಂಟಿತ್ತು. ಡಬ್ಬಿ ಬಿಚ್ಚಿ ಅಪ್ಪನ ಮುಂದೆ ಇಟ್ಟು, ತಾನು ತಿನ್ನದೆ ಕೂತಳು.

"ಎಲ್ಲ ಪೇಪರಿನವರೂ ನಾಲ್ಕನೇ ಸುತ್ತು, ಐದನೇ ಸುತ್ತು ಅಂತ ಬರೀತಿದಾರೆ ಅಪ್ಪ. ನಮ್ಮನೆಯವರು ಓದ್ತಾರೆ, ಮಡಚಿ ಇಡ್ತಾರೆ. ಏನೂ ಮಾತಾಡಲ್ಲ. ಮೊನ್ನೆ ಮಾತ್ರ ಅಂದ್ರು, ಮಾವ ಬರೆದಿದ್ರೆ ಗೊತ್ತಾಗ್ತಿತ್ತು ಅಂತ."

"ಏನು ಗೊತ್ತಾಗ್ತಿತ್ತು?"

"ಆಗುತ್ತೋ ಇಲ್ವೋ ಅಂತ. ನಿಮ್ಮ ಮಾತು ಅಂದ್ರೆ ಅವರಿಗೆ ಅಷ್ಟು. ಹದಿನೆಂಟು ವರ್ಷ ಏಟು ತಿಂದಿದಾರೆ. ಇದೇ ಕೊನೇದು. ಮುಗಿದ ಮೇಲೆ ಬಿಡ್ತೀನಿ ಅಂತ ನನಗೆ ಮಾತು ಕೊಟ್ಟಿದಾರೆ. ಕೊನೇ ಸಲ ರಿಂಗ್ ಹತ್ತುವಾಗಲಾದ್ರೂ ನಮ್ಮ ಕಡೆಯವರೊಬ್ಬರು ಇದ್ದಾರೆ ಅನ್ನಿಸಬೇಕಲ್ಲ."

"ನಾನು ನೋಡದೆ ಬರೆಯಲ್ಲ."

"ನೋಡಿ ಬರೀರಿ" ಎಂದಳು ಮಗಳು. "ಸುಳ್ಳು ಬರೀರಿ ಅಂತ ನಾನು ಕೇಳ್ತಿಲ್ಲ."

ಅಭ್ಯಾಸದ ಕೋಣೆ ಟೈರ್ ಅಂಗಡಿಯೊಂದರ ಮೇಲಿತ್ತು. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಹತ್ತಿದ ಮೇಲೆ ಬೆವರು ಮತ್ತು ನೋವಿನ ಎಣ್ಣೆಯ ವಾಸನೆ. ಕೋಚ್ ಅವರನ್ನು ಕಂಡು ಹುಬ್ಬೇರಿಸಿದ, ಏನೂ ಕೇಳದೆ ಒಂದು ಸ್ಟೂಲು ಕಿಟಕಿಯ ಹತ್ತಿರ ತಳ್ಳಿದ. ಅವರಿಬ್ಬರೂ ಒಂದೇ ವಯಸ್ಸಿನವರು, ಹಳೆಯ ಸ್ನೇಹಿತರು. ಅಳಿಯನನ್ನು ಮಂಡಿಯಿಂದ ಎತ್ತಿ ತಂದು ಬಾಕ್ಸರ್ ಮಾಡಿದವನು ಅವನೇ.

ಅಳಿಯ ಮಾವನನ್ನು ನೋಡಿ ನಕ್ಕ. ಅವನ ಖುಷಿ ಮುಖದಲ್ಲಿ ಎದ್ದು ಕಾಣುತ್ತಿತ್ತು. ಹಗ್ಗ ತೆಗೆದುಕೊಂಡು ಹಾರತೊಡಗಿದ.

ಪಂಚಾಂಗದವರು ಪುಸ್ತಕ ತೆರೆದುಕೊಂಡರು. ಮೊದಲ ಎರಡು ನಿಮಿಷ ಎಲ್ಲ ಸರಿಯಾಗಿತ್ತು. ಆಮೇಲೆ ಹಗ್ಗ ಬಲಗಾಲಿನ ಹೆಬ್ಬೆರಳಿಗೆ ತಗಲಿತು. ಅಳಿಯ ತಲೆ ಕೊಡವಿ ಮತ್ತೆ ಶುರು ಮಾಡಿದ. ಮತ್ತೆ ತಗಲಿತು. ಮೂರನೇ ಸಲ ತಗಲಿದಾಗ ಅವರು ಬರೆಯುವುದನ್ನು ನಿಲ್ಲಿಸಿ ಬರೀ ನೋಡಿದರು. ಜೊತೆಗಾರನೊಡನೆ ಅಭ್ಯಾಸ ಮಾಡುವಾಗ ಅವನ ಕೈಗಳು ಹಿಂದಿನ ಹಾಗೆಯೇ ಚುರುಕಾಗಿದ್ದವು, ಹೊಡೆತದಲ್ಲಿ ಮೂಟೆ ಎತ್ತಿ ಎಸೆಯುವ ಬಲ ಇತ್ತು. ಆದರೆ ಎಡಕ್ಕೆ ತಿರುಗುವಾಗಲೆಲ್ಲ ಬಲಗಾಲು ಅರ್ಧ ಕ್ಷಣ ತಡವಾಗಿ, ನೆಲವನ್ನು ಸವರಿಕೊಂಡು ಬರುತ್ತಿತ್ತು. ಸುತ್ತು ಮುಗಿದಾಗ ಅವನು ಕೂರುವ ಮೊದಲು ಕೈ ಹಿಂದೆ ಚಾಚಿ ಸ್ಟೂಲು ಎಲ್ಲಿದೆ ಎಂದು ತಡಕಿದ.

ಇಂಥ ಕಾಲನ್ನು ಅವರು ಇಷ್ಟು ವರ್ಷದಲ್ಲಿ ಎರಡು ಸಲ ನೋಡಿದ್ದರು. ಒಬ್ಬ ಈಗ ಇರಲಿಲ್ಲ. ಇನ್ನೊಬ್ಬನಿಗೆ ಅವನ ಅಕ್ಕ ಊಟ ಮಾಡಿಸುತ್ತಿದ್ದಳು.

ಅಭ್ಯಾಸ ಮುಗಿಸಿ ಅಳಿಯ ಬಂದು ಪಕ್ಕದಲ್ಲಿ ಕೂತು, ಗ್ಲೌಸಿನ ಒಳಗೆ ಕೈಗೆ ಸುತ್ತಿಕೊಳ್ಳುವ ಬ್ಯಾಂಡೇಜು ಬಿಚ್ಚತೊಡಗಿದ. "ಹೇಗಿತ್ತು ಮಾವ?"

"ಕೈ ಚೆನ್ನಾಗಿದೆ."

"ಅದೊಂದು ಕೊಡಿ ಇಲ್ಲಿ. ಆ…" ಎಂದು ಅವನು ಕಿಟಕಿಯ ಕಡೆ ಬೆರಳು ತೋರಿಸಿದ. ತುಟಿ ಅಲುಗಿತು, ಪದ ಬರಲಿಲ್ಲ. ಅಲ್ಲಿದ್ದದ್ದು ನೀರಿನ ಬಾಟಲಿ. ಪಂಚಾಂಗದವರು ಅದನ್ನು ತೆಗೆದು ಕೊಟ್ಟರು. ಅಳಿಯ ನಕ್ಕು, "ವಯಸ್ಸಾಯ್ತು ನೋಡಿ" ಎಂದು ಗಟಗಟ ಕುಡಿದ.

ಹೊರಡುವಾಗ ಕೋಚ್ ಮೆಟ್ಟಿಲವರೆಗೆ ಬಂದ. ಪಂಚಾಂಗದವರು ಅವನ ತೋಳು ಹಿಡಿದು ನಿಲ್ಲಿಸಿದರು.

"ಅವನ ಕಾಲು ನೋಡಿದ್ಯಾ?"

ಕೋಚ್ ಕೆಳಗಿನ ಟೈರುಗಳ ರಾಶಿಯನ್ನು ನೋಡಿದ. "ಡಾಕ್ಟರು ನೋಡಿ ಸಹಿ ಹಾಕಿದಾರೆ."

"ಡಾಕ್ಟರು ಕೂರಿಸಿ ನೋಡಿದಾರೆ. ನಾನು ಹಾರೋದನ್ನ ನೋಡಿದೆ."

"ಇದೊಂದು ಮುಗಿದ್ರೆ ಬಿಡ್ತಾನೆ."

"ಇದೊಂದು ಅವನಿಗೆ ಹೆಚ್ಚಾಗುತ್ತೆ."

ಕೋಚ್ ತೋಳು ಬಿಡಿಸಿಕೊಂಡ. "ಹಾಗಿದ್ರೆ ನೀನೇ ಹೇಳು ಅವನಿಗೆ. ಹದಿನೆಂಟು ವರ್ಷ ಇದೊಂದು ದಿನ ಬರುತ್ತೆ ಬರುತ್ತೆ ಅಂತ ಹೇಳ್ಕೊಂಡು ಬಂದ ಬಾಯಿ ಇದು. ಇದರಲ್ಲಿ ಆ ಮಾತು ಹೊರಡಲ್ಲ."

ಹೇಳಬೇಕೆಂದೇ ಅವರು ಮರುದಿನ ಮಗಳ ಮನೆಗೆ ಊಟಕ್ಕೆ ಹೋದರು. ಎರಡೇ ಕೋಣೆಯ ಮನೆ, ಅಡುಗೆಮನೆಯ ಮೇಜೇ ಊಟದ ಮೇಜು. ಅಳಿಯ ಒಂದು ಹಾಳೆಯ ಮೇಲೆ ಏನೋ ಗೆರೆ ಎಳೆದು ಮಾವನಿಗೆ ತೋರಿಸಿದ: ಮಂಡಿಯ ಹಿಂದೆ ಖಾಲಿ ಬಿದ್ದಿರುವ ಗೋದಾಮನ್ನು ಬಾಡಿಗೆಗೆ ಹಿಡಿದು ಕಲಿಸುವ ಶಾಲೆ ಮಾಡುತ್ತಾನಂತೆ. ಇಲ್ಲಿ ರಿಂಗು, ಇಲ್ಲಿ ಚೀಲ ನೇತುಹಾಕುವ ಸರಳು, ಇಲ್ಲಿ ಮಾವನಿಗೆ ಕೂರಲು ಒಂದು ಕುರ್ಚಿ. "ಕಾಲು ನೋಡೋಕೆ ನೀವು ಬೇಕಲ್ಲ" ಎಂದ. ಮಗಳು ಬಡಿಸುತ್ತ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಪಂಚಾಂಗದವರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಎರಡು ಸಲವೂ ನೀರು ಕುಡಿದರು. ತಟ್ಟೆ ಖಾಲಿಯಾಯಿತು, ಮಾತು ಹೊಟ್ಟೆಯಲ್ಲೇ ಉಳಿಯಿತು.

ಪಂದ್ಯ ಭಾನುವಾರ ರಾತ್ರಿ. ಶುಕ್ರವಾರ ಬೆಳಿಗ್ಗೆ ಅವರು ಕಚೇರಿಗೆ ಎಲ್ಲರಿಗಿಂತ ಮುಂಚೆ ಬಂದು ಸಂಪಾದಕಿಗೆ, "ನಾನೇ ಬರೀತೀನಿ" ಎಂದು ಚೀಟಿ ಬರೆದಿಟ್ಟು ಕೂತರು. ಮೊದಲು ಬರೆದ ಹಾಳೆಯಲ್ಲಿ ಕಂಡದ್ದನ್ನೆಲ್ಲ ಬರೆದರು: ಬಲಗಾಲು ಎಳೆಯುತ್ತಿದೆ, ದೂರದ ಅಂದಾಜು ತಪ್ಪುತ್ತಿದೆ, ಈತನನ್ನು ವೈದ್ಯರ ಮಂಡಳಿ ಇನ್ನೊಮ್ಮೆ ನೋಡದೆ ರಿಂಗಿಗೆ ಬಿಡಬಾರದು. ಮೂವತ್ತೊಂದು ವರ್ಷದ ಹೆಸರಿನ ಕೆಳಗೆ ಅದು ಅಚ್ಚಾದರೆ ಮಂಡಳಿಯವರು ಕಣ್ಣು ಮುಚ್ಚಿ ಕೂರುವ ಹಾಗಿರಲಿಲ್ಲ. ಪಂದ್ಯ ನಿಲ್ಲುತ್ತಿತ್ತು. ಅಳಿಯನ ಬದುಕಿನ ದೊಡ್ಡ ದಿನವನ್ನು ಹೆಂಡತಿಯ ಅಪ್ಪನೇ ಕಿತ್ತುಕೊಂಡ ಹಾಗೂ ಆಗುತ್ತಿತ್ತು. ಆ ಅಡುಗೆಮನೆಯ ಮೇಜಿನ ಮುಂದೆ ಆಮೇಲೆ ಯಾವ ಮುಖ ಹೊತ್ತು ಕೂರುವುದು?

ಹಾಳೆಯನ್ನು ಎರಡು ಸಲ ಓದಿ, ಮಡಚಿ, ಡ್ರಾಯರಿಗೆ ಹಾಕಿದರು. ಇನ್ನೊಂದು ಹಾಳೆ ತೆಗೆದುಕೊಂಡರು. ಚಾಂಪಿಯನ್ ಏಳು ಸುತ್ತಿಗಿಂತ ಹೆಚ್ಚು ಆಡಿದವನಲ್ಲ. ಐದರ ಹೊತ್ತಿಗೇ ಅವನ ಬಾಯಿ ತೆರೆಯುತ್ತದೆ. ಎಂಟು ದಾಟಿದರೆ ಉಸಿರು ಅವನ ಕೈ ಬಿಡುತ್ತದೆ. ಅಲ್ಲಿಯವರೆಗೆ ನಿಲ್ಲುವ ಗಟ್ಟಿತನ ಹಳಬನಲ್ಲಿದೆ. ಹತ್ತನೇ ಸುತ್ತಿನಲ್ಲಿ ಹಳಬ ಗೆಲ್ಲುತ್ತಾನೆ. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಬಿಟ್ಟದ್ದಷ್ಟೇ ಇತ್ತು.

ಶನಿವಾರ ಬೆಳಿಗ್ಗೆ ಪತ್ರಿಕೆ ಬಂದ ಸ್ವಲ್ಪ ಹೊತ್ತಿಗೆ ಮಗಳು ಫೋನ್ ಮಾಡಿದಳು. ಮೊದಲು ಬರೀ ಉಸಿರು ಕೇಳಿಸಿತು, ಆಮೇಲೆ "ನೀವು ಬರೆದದ್ದನ್ನ ಕತ್ತರಿಸಿ ಜೇಬಲ್ಲಿ ಇಟ್ಕೊಂಡಿದಾರೆ ಅಪ್ಪ" ಎಂದಳು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವರಿಗೆ ತಿಳಿಯಲಿಲ್ಲ.

ಭಾನುವಾರ ಪಂಚಾಂಗದವರು ಪತ್ರಕರ್ತರ ಮೇಜಿನಲ್ಲಿ, ರಿಂಗಿನ ಹಗ್ಗಕ್ಕೆ ನಾಲ್ಕು ಅಡಿ ದೂರದಲ್ಲಿ ಕೂತಿದ್ದರು. ಮಗಳು ಹಿಂದೆ ಆರನೇ ಸಾಲಿನಲ್ಲಿದ್ದಳು. ಮೊದಲ ಮೂರು ಸುತ್ತು ಗೋಡೆ ಎಂಬ ಹೆಸರಿನವನು ಅಳಿಯನನ್ನು ಮೂಲೆಯಿಂದ ಮೂಲೆಗೆ ಅಟ್ಟಿದ. ಪಕ್ಕದ ಪತ್ರಿಕೆಯವನು, "ಪಂಚಾಂಗ ಈ ಸಲ ಹರಿದುಹೋಯ್ತು ಸರ್" ಎಂದು ಮೊಣಕೈಯಲ್ಲಿ ತಿವಿದ. ನಾಲ್ಕರಲ್ಲಿ ಅಳಿಯನ ಎಡ ಹುಬ್ಬು ಒಡೆಯಿತು. ಆದರೆ ಬೀಳಲಿಲ್ಲ. ಐದರ ಕೊನೆಗೆ ಚಾಂಪಿಯನ್ನನ ಬಾಯಿ ನಿಜವಾಗಿಯೂ ತೆರೆದುಕೊಂಡಿತು. ಆರರಲ್ಲಿ ಅಳಿಯ ಅವನ ಪಕ್ಕೆಗೆ ಮೂರು ಹೊಡೆತ ಕೊಟ್ಟ, ಒಂದರ ಮೇಲೊಂದು, ಮೂಟೆ ಇಳಿಸಿದ ಹಾಗೆ. ಜನ ಎದ್ದು ನಿಂತರು. ಪಂಚಾಂಗದವರ ಎದೆಯಲ್ಲೂ ಏನೋ ಎದ್ದು ನಿಂತಿತು. ನಾನು ಕಂಡದ್ದೇ ತಪ್ಪಿರಬಹುದು, ಕಾಲು ದಣಿದಿತ್ತು ಅಷ್ಟೇ ಇರಬಹುದು ಎಂದು ಅವರು ಆ ಸುತ್ತಿನ ಉದ್ದಕ್ಕೂ ತಮಗೆ ತಾವೇ ಹೇಳಿಕೊಂಡರು.

ಎಂಟನೇ ಸುತ್ತು ಕೆಟ್ಟದಾಗಿತ್ತು. ಬಲಗಾಲು ಎರಡು ಸಲ ನಿಂತಲ್ಲೇ ನಿಂತುಬಿಟ್ಟಿತು, ಎರಡು ಸಲವೂ ಕಿವಿಯ ಹಿಂದಕ್ಕೆ ಏಟು ಬಿತ್ತು. ಗಂಟೆ ಹೊಡೆದಾಗ ಅಳಿಯ ತಪ್ಪು ಮೂಲೆಯ ಕಡೆ ಹೊರಟ, ರೆಫರಿ ಭುಜ ಹಿಡಿದು ತಿರುಗಿಸಿದ. ಕೋಚ್, ರಿಂಗಿನೊಳಗೆ ಎಸೆದರೆ ಪಂದ್ಯ ನಿಲ್ಲುವ ಬಿಳಿ ಟವೆಲನ್ನು ಮುಷ್ಟಿಯಲ್ಲಿ ಹಿಡಿದು ಅವನ ಮುಖಕ್ಕೆ ಮುಖ ತಂದು ಏನೋ ಕೇಳಿದ. ಅಳಿಯ ತಲೆ ಅಲ್ಲಾಡಿಸಿ, ಗ್ಲೌಸಿನ ಕೈಯಲ್ಲಿ ಪತ್ರಕರ್ತರ ಮೇಜಿನ ಕಡೆ ತೋರಿಸಿ ಏನೋ ಹೇಳಿದ. ಕೋಚ್ ತಿರುಗಿ ಪಂಚಾಂಗದವರನ್ನು ನೋಡಿದ. ಅವರು ಅಲ್ಲೇ ಎದ್ದು, ಬೇಡ, ನಿಲ್ಲಿಸು ಎಂದು ಕೈ ಮಾಡಬಹುದಿತ್ತು. ಪೆನ್ನು ಹಿಡಿದು ಕೂತೇ ಇದ್ದರು. ಕೋಚ್ ಟವೆಲನ್ನು ಹೆಗಲಿಗೆ ಹಾಕಿಕೊಂಡ.

ಒಂಬತ್ತು ಹೇಗೋ ಕಳೆಯಿತು. ಹತ್ತನೇ ಸುತ್ತಿನ ಮೊದಲ ನಿಮಿಷದಲ್ಲೇ ಚಾಂಪಿಯನ್ನನ ಕೈಗಳು ಸೊಂಟಕ್ಕೆ ಇಳಿದವು. ಅಳಿಯ ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು, ಅಷ್ಟೇ ಕೊಟ್ಟದ್ದು. ಇಪ್ಪತ್ತನಾಲ್ಕರ ಆ ಗೋಡೆ ಮಂಡಿಯೂರಿ, ಅಲ್ಲಿಂದ ಮಗ್ಗುಲಿಗೆ ಉರುಳಿತು. ರೆಫರಿ ಹತ್ತು ಎಣಿಸಿ ಮುಗಿಸಿದ.

ಆ ಸದ್ದಿನ ನಡುವೆ ಪಂಚಾಂಗದವರ ಬೆನ್ನಿಗೆ ಎಷ್ಟು ಕೈಗಳು ಬಿದ್ದವೋ ಲೆಕ್ಕವಿಲ್ಲ. ತಿವಿದಿದ್ದವನೇ ಅವರ ಕೈ ಹಿಡಿದು ಕುಲುಕಿದ. ದೂರದ ಸಾಲಿನಿಂದ ಯಾರೋ "ಪಂಚಾಂಗ, ಪಂಚಾಂಗ" ಎಂದು ಕೂಗುತ್ತಿದ್ದರು. ಅವರು ಅಳಿಯನ ಕಾಲನ್ನೇ ನೋಡುತ್ತಿದ್ದರು. ಸೊಂಟಕ್ಕೆ ಪಟ್ಟದ ಬೆಲ್ಟು ಕಟ್ಟುವಾಗ ಇಬ್ಬರು ಅವನನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದರು. ಉಳಿದವರಿಗೆ ಅದು ಅಪ್ಪುಗೆಯಂತೆ ಕಂಡಿತು.

ಬಟ್ಟೆ ಬದಲಿಸುವ ಕೋಣೆಗೆ ಅವರು ಹೋದಾಗ ಅಳಿಯ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ. ಕೋಚ್ ಬಾಗಿಲಲ್ಲಿ ಜನರನ್ನು ತಡೆಯುತ್ತಿದ್ದ. ಅಳಿಯನ ಸೊಂಟದಲ್ಲಿ ಪಟ್ಟ ಇತ್ತು. ಅಳಿಯ ಬೆರಳುಗಳನ್ನು ಅಗಲಿಸಿ ತನ್ನ ಬರಿ ಕೈಗಳನ್ನು ನೋಡಿಕೊಳ್ಳುತ್ತಿದ್ದವನು ತಲೆ ಎತ್ತಿದ.

"ಮಾವ, ಇನ್ನೆಷ್ಟು ಹೊತ್ತಿದೆ? ಬ್ಯಾಂಡೇಜೇ ಕಟ್ಟಿಲ್ವಲ್ಲ ಇನ್ನೂ."

"ಯಾವುದಕ್ಕೆ?" ಎಂದರು ಪಂಚಾಂಗದವರು. ಅವರಿಗೆ ಅರ್ಥವಾಗಿತ್ತು.

"ಪಂದ್ಯಕ್ಕೆ. ಕರೆಯೋ ಹೊತ್ತಾಯ್ತು ಅನ್ಸುತ್ತೆ."

ಅವರು ಉತ್ತರ ಕೊಡುವುದರೊಳಗೆ ಅವನು ವಾಂತಿ ಮಾಡಿಕೊಂಡ. ಅವನ ಬಾಯಿಯ ಬಲಬದಿ ಜೋತುಬಿತ್ತು. ಅವರು ಹಿಡಿದುಕೊಂಡರು, ಆದರೆ ಅಷ್ಟು ದೊಡ್ಡ ಆಳನ್ನು ಹಿಡಿದು ನಿಲ್ಲಿಸುವ ಶಕ್ತಿ ಅವರಿಗೆಲ್ಲಿಂದ ಬರಬೇಕು. ಇಬ್ಬರೂ ಒಟ್ಟಿಗೆ ನೆಲಕ್ಕೆ ಕುಸಿದರು.

ಆಸ್ಪತ್ರೆಯಲ್ಲಿ ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಹತ್ತೊಂಬತ್ತು ದಿನ ಅವನಿಗೆ ಎಚ್ಚರವಿರಲಿಲ್ಲ. ಮಗಳು ಗಾಜಿನ ಈಚೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಿದ್ದಳು. ಮೊದಲ ವಾರದ ಒಂದು ಬೆಳಿಗ್ಗೆ ಕೋಚ್ ಬಂದು ಪಂಚಾಂಗದವರನ್ನು ಕಾರಿಡಾರಿನ ಕೊನೆಗೆ ಕರೆದುಕೊಂಡು ಹೋದ. ಗಡ್ಡ ಬೆಳೆದಿತ್ತು, ಬಾಯಿ ಒಣಗಿತ್ತು.

"ಎಂಟರ ಕೊನೇಲಿ ನಾನು ನಿಲ್ಲಿಸ್ತೀನಿ ಅಂದೆ. ಅವನು ಏನಂದ ಗೊತ್ತಾ? ಮಾವ ಹತ್ತು ಅಂತ ಬರೆದಿದಾರೆ, ಇನ್ನೆರಡೇ, ಬಿಡು ಅಂದ. ನಾನು ನಿನ್ನ ಕಡೆ ನೋಡಿದೆ. ನೀನು ಸುಮ್ಮನೆ ಕೂತಿದ್ದೆ. ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ."

ಪಂಚಾಂಗದವರು ಗೋಡೆಗೆ ಒರಗಿಕೊಂಡರು. ಕೋಚ್ ಅವರನ್ನು ಬೈಯಲು ಬಂದಿರಲಿಲ್ಲ. ಹೇಳದೆ ಇರಲಾಗದೆ ಬಂದಿದ್ದ, ಅಷ್ಟೇ. ಆಮೇಲೆ ಕೋಚ್ ಹೋದ.

ಪತ್ರಿಕೆಯಲ್ಲಿ ಸೋಮವಾರವೇ 'ಪಂಚಾಂಗ ಸುಳ್ಳಾಗಲಿಲ್ಲ' ಎಂದು ಅವರ ಚಿತ್ರ ಹಾಕಿ ಬರೆದಿದ್ದರು. ಪುಟ ಅಚ್ಚಿಗೆ ಹೋಗುವಾಗ ಸಂಪಾದಕಿಗೆ ಆಸ್ಪತ್ರೆಯ ಸುದ್ದಿ ಇನ್ನೂ ತಲುಪಿರಲಿಲ್ಲ; ತಿಳಿದ ಮೇಲೆ ಅವಳೇ ಬಂದು ಅವರೆದುರು ಕಣ್ಣೀರು ಹಾಕಿದಳು. ಅವರು ರಾಜೀನಾಮೆ ಕೊಟ್ಟರು. ಡ್ರಾಯರಿನಲ್ಲಿದ್ದ ಹಾಳೆಯನ್ನು ವೈದ್ಯರ ಮಂಡಳಿಗೆ ಕಳಿಸಿ, ಇದನ್ನು ಪಂದ್ಯಕ್ಕೆ ಎರಡು ದಿನ ಮೊದಲು ಬರೆದಿದ್ದೆ, ಪ್ರಕಟಿಸದೆ ಇಟ್ಟುಕೊಂಡೆ, ಮುಂದೆ ಆಟಗಾರರನ್ನು ಕೂರಿಸಿ ಮಾತ್ರವಲ್ಲ ನಡೆಸಿ, ಹಾರಿಸಿಯೂ ನೋಡಿ ಎಂದು ಜೊತೆಗೊಂದು ಪತ್ರ ಬರೆದರು. ತಮ್ಮ ಪತ್ರ ತಲುಪಿದೆ ಎಂದು ಎರಡು ಸಾಲಿನ ಉತ್ತರ ಬಂತು.

ಮಗಳಿಗೂ ಹೇಳಿದರು. ಅಳಿಯ ಕಣ್ಣು ತೆರೆದ ಮರುದಿನ, ಅದೇ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಪಕ್ಕ ಪಕ್ಕ ಕೂತು, ಕಾಲಿನ ವಿಷಯ, ಮೆಟ್ಟಿಲ ಮೇಲಿನ ಮಾತು, ಎರಡು ಹಾಳೆಗಳ ವಿಷಯ ಎಲ್ಲವನ್ನೂ ಒಂದೂ ಬಿಡದೆ ಹೇಳಿದರು. ಅವಳು ಅಡ್ಡ ಮಾತಾಡದೆ ಕೇಳಿದಳು.

"ನೋಡಿ ಬರೀರಿ ಅಂದಿದ್ದೆ" ಎಂದಳು ಕೊನೆಗೆ.

"ಹೌದು."

"ಆ ಊಟದ ದಿನ ಒಂದು ಮಾತು ಹೇಳಿದ್ರೆ ನಾನು ಬಾಗಿಲಿಗೆ ಅಡ್ಡ ಮಲಗ್ತಿದ್ದೆ. ಅವರು ನನ್ನ ದಾಟಿ ಹೋಗ್ತಿರಲಿಲ್ಲ." ಅವಳ ದನಿ ಏರಲಿಲ್ಲ. "ಈಗ ಯಾಕೆ ಹೇಳಿದ್ರಿ? ನಿಮ್ಮ ಎದೆ ಹಗುರ ಆಗಲಿ ಅಂತಾನಾ? ನಿಮ್ಮದು ಹಗುರ ಆಯ್ತು. ನಾನೇ ನಿಮ್ಮನ್ನ ಬರೀರಿ ಅಂತ ಕೇಳಿದ್ದು. ನಾನೆಲ್ಲಿ ಹೋಗಿ ಇಳಿಸಲಿ?"

ಅವರು ಕೈ ಚಾಚಿದರು, ಅವಳು ಸರಿದು ಕೂತಳು.

"ಮನೆಗೆ ಹೋಗಿ" ಎಂದಳು ಮಗಳು.

ಎರಡು ತಿಂಗಳು ಅವಳು ಫೋನ್ ಮಾಡಲಿಲ್ಲ, ಇವರು ಮಾಡಿದರೆ ಎತ್ತಲಿಲ್ಲ. ಅಳಿಯನನ್ನು ಮನೆಗೆ ಕರೆತಂದ ಸುದ್ದಿ ಕೋಚ್ ಬಾಯಿಂದ ತಿಳಿಯಿತು. ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು. "ನಾಳೆಯಿಂದ ನಾನು ಲ್ಯಾಬಿಗೆ ಹೋಗಬೇಕು. ಇನ್ನು ರಜೆ ಇಲ್ಲ. ಅವರನ್ನ ನೋಡ್ಕೊಳ್ಳೋಕೆ ಯಾರಾದ್ರೂ ಬೇಕು. ಬರ್ತೀರಾ?"

"ಎಷ್ಟು ಗಂಟೆಗೆ?"

"ಎಂಟಕ್ಕೆ."

ಏಳೂವರೆಗೇ ಹೋಗಿ ಬೀದಿಯ ಆಚೆ ನಿಂತಿದ್ದು, ಎಂಟಕ್ಕೆ ಬಾಗಿಲು ತಟ್ಟಿದರು. ಅಂದಿನಿಂದ ವಾರಕ್ಕೆ ಆರು ದಿನ ಅದೇ ಅವರ ಕೆಲಸವಾಯಿತು. ಅಳಿಯನ ಗಡ್ಡ ಹೆರೆಯುವುದು, ಅಂಗಿಯ ಗುಂಡಿ ಹಾಕಿಸುವುದು, ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಸುವುದು. ಚಿತ್ರವಿದ್ದ ಕಾರ್ಡುಗಳನ್ನು ಒಂದೊಂದಾಗಿ ಮುಂದಿಡುವುದು: ಬಾಚಣಿಗೆ, ಬಾಗಿಲು, ಲೋಟ. ಕೆಲವು ದಿನ ಇಪ್ಪತ್ತು ಪದ ಬರುತ್ತಿದ್ದವು, ಕೆಲವು ದಿನ ಐದು. ಬಾರದಿದ್ದಾಗ ಅಳಿಯ ತನ್ನ ದೊಡ್ಡ ಕೈಯಿಂದ ತೊಡೆಗೆ ಮೆಲ್ಲನೆ ಗುದ್ದಿಕೊಳ್ಳುತ್ತಿದ್ದ. ಯಾರ ಮೇಲೂ ಸಿಟ್ಟಾಗುತ್ತಿರಲಿಲ್ಲ. ಬಾಕ್ಸಿಂಗ್ ಆಡಿದ್ದು, ಮದುವೆ, ಮಂಡಿಯ ದಿನಗಳು ಎಲ್ಲ ನೆನಪಿದ್ದವು. ಪಂದ್ಯದ ಆ ವರ್ಷ ಪೂರ್ತಿ ಅಳಿಸಿಹೋಗಿತ್ತು. ಪಟ್ಟವನ್ನು ಬಾಕ್ಸಿಂಗ್ ಸಂಸ್ಥೆಯವರು, ಮತ್ತೆ ಆಡದವನಿಗೆ ಅದು ಉಳಿಯದು ಎಂಬ ನಿಯಮದ ಪ್ರಕಾರ, ಆರು ತಿಂಗಳಿಗೆ ವಾಪಸು ತೆಗೆದುಕೊಂಡು ಹೋದರು. ಅದನ್ನು ಒಯ್ಯಲು ಬಂದವನಿಗೆ ಅಳಿಯ ಎದ್ದು ಕುರ್ಚಿ ಕೊಟ್ಟ.

ಮಗಳು ಸಂಜೆ ಐದೂವರೆಗೆ ಬರುತ್ತಿದ್ದಳು. ಊಟ ಮಾಡಿದರಾ, ಮಾತ್ರೆ ನುಂಗಿದರಾ, ಸ್ನಾನ ಆಯಿತಾ ಎಂದು ಕೇಳುತ್ತಿದ್ದಳು. ಅವಳ ಮಾತಿನಲ್ಲಿ ಅಪ್ಪ ಎಂಬ ಪದ ಇರುತ್ತಿರಲಿಲ್ಲ. ಮೊದಲು ವಾಕ್ಯಕ್ಕೊಂದು ಬರುತ್ತಿತ್ತು. ಪಂಚಾಂಗದವರು ಅದನ್ನು ಮೊದಲ ದಿನವೇ ಗಮನಿಸಿದ್ದರು, ಯಾರಿಗೂ ಹೇಳಿರಲಿಲ್ಲ.

ಚಳಿಗಾಲದ ಒಂದು ಮಧ್ಯಾಹ್ನ ಅವರು ಬಟ್ಟೆ ಒಣಹಾಕಿ ಒಳಗೆ ಬಂದಾಗ ಅಳಿಯ ಟಿವಿಯ ಮುಂದೆ ಕೂತಿದ್ದ. ಯಾವುದೋ ಚಾನೆಲ್ಲಿನಲ್ಲಿ ಆ ಪಂದ್ಯವನ್ನೇ ಹಾಕಿದ್ದರು. ಮಗಳು ಅದರ ರೆಕಾರ್ಡಿಂಗನ್ನು ಮನೆಯಿಂದಲೇ ಸಾಗಹಾಕಿದ್ದಳು, ಚಾನೆಲ್ಲಿನವರಿಗೆ ಅದೆಲ್ಲ ಏನು ಗೊತ್ತು. ಆರಿಸಲು ರಿಮೋಟಿಗೆ ಕೈ ಹಾಕಿದವರು ಅಳಿಯನ ಮುಖ ನೋಡಿ ನಿಂತರು. ಅವನು ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದ. ಅವರು ಪಕ್ಕದಲ್ಲಿ ಕೂತರು. ಎಂಟನೇ ಸುತ್ತು, ಒಂಬತ್ತು, ಹತ್ತು. ಗೋಡೆ ಉರುಳಿತು.

"ನಾನು ಗೆದ್ದೆನಾ?" ಎಂದ ಅಳಿಯ. ಮಾತು ನಿಧಾನ, ಆದರೆ ಪದ ತಪ್ಪಲಿಲ್ಲ.

"ಗೆದ್ದೆ."

"ನೀವು ಬರೆದಿದ್ರಾ?"

"ಬರೆದಿದ್ದೆ."

"ಏನಂತ?"

"ನೀನು ಗೆಲ್ತೀಯ ಅಂತ. ತಪ್ಪು ಬರೆದೆ."

ಅಳಿಯ ಹುಬ್ಬು ಗಂಟಿಕ್ಕಿದ. ಟಿವಿ ನೋಡಿದ, ಮಾವನನ್ನು ನೋಡಿದ. ಮಾವನಿಗೆ ವಯಸ್ಸಾಗಿ ಮರೆವು ಬಂದಿದೆ ಎಂದುಕೊಂಡನೋ ಏನೋ, ಮುಖದಲ್ಲಿ ಕರುಣೆ ಮೂಡಿತು. "ಗೆದ್ದೆನಲ್ಲ ಮಾವ" ಎಂದು ಸಮಾಧಾನ ಹೇಳುವವನ ಹಾಗೆ ಅವರ ಮೊಣಕಾಲು ತಟ್ಟಿದ.

ಅವರು ಎದ್ದು ಹಿತ್ತಲ ಬಾಲ್ಕನಿಗೆ ಹೋಗಿ, ಒಣಹಾಕಿದ ಬಟ್ಟೆಗಳ ನಡುವೆ ನಿಂತು ಅತ್ತರು. ಆಸ್ಪತ್ರೆಯಲ್ಲೂ ಅವರು ಅತ್ತಿರಲಿಲ್ಲ.

ಮಗಳು ಅಂದು ಬೇಗ ಬಂದಿದ್ದಳು. ಟಿವಿಯಲ್ಲಿ ಇನ್ನೂ ಆ ಪಂದ್ಯದ ಬಗ್ಗೆ ಯಾರೋ ಮಾತಾಡುತ್ತಿದ್ದರು. ಅವಳು ಆರಿಸಿದಳು. ಗಂಡನ ತಲೆಯ ಮೇಲೆ ಒಮ್ಮೆ ಕೈ ಇಟ್ಟು, ಬಾಲ್ಕನಿಯ ಬಾಗಿಲವರೆಗೆ ಬಂದಳು. ಅಪ್ಪನ ಬೆನ್ನು ಅಲುಗುತ್ತಿದ್ದುದನ್ನು ನೋಡಿದಳು. ಮುಂದೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಒಗೆದ ಬಟ್ಟೆಯ ನೀರು ತೊಟ್ಟಿಕ್ಕಿ ಬಾಲ್ಕನಿಯ ನೆಲವೆಲ್ಲ ಹಸಿಯಾಗಿತ್ತು, ಅವರು ಬರಿಗಾಲಲ್ಲಿ ನಿಂತಿದ್ದರು.

"ಅಪ್ಪ, ಒಳಗೆ ಬನ್ನಿ" ಎಂದಳು. "ಕಾಲು ತಣ್ಣಗಾಗುತ್ತೆ."

ಅವರು ಮುಖ ಒರೆಸಿಕೊಂಡು ಒಳಗೆ ಬಂದರು. ಅವಳು ಅಡುಗೆಮನೆಗೆ ಹೋಗಿ ಮೂರು ಲೋಟ ಇಟ್ಟು ಹಾಲು ಕಾಯಿಸಿದಳು. ಕ್ಷಮಿಸಿದೆ ಎಂದು ಅವಳು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ, ನಾಳೆ ಡಾಕ್ಟರ ಹತ್ತಿರ ಹೋಗುವುದಿದೆ, ಏಳೂವರೆಗೇ ಬಂದರೆ ಒಳ್ಳೆಯದು ಎಂದಳು. ಬರುತ್ತೇನೆ ಎಂದು ಅವರು ಮೆಟ್ಟಿಲಿಳಿದರು.